ಓಟಿಯಲ್ಲಿ ಎಕೋ ಚಿತ್ರ ಮಸುಕಾಗುವುದೇಕೆ, ಸರಿಮಾಡುವುದು ಹೇಗೆ

ಕವಾಟ ಬದಲಿಸಿದ ಹೃದಯವನ್ನು ಪಂಪ್‌ನಿಂದ, ಅಂದರೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರದಿಂದ, ಬಿಡಿಸುವ ಹತ್ತು ಹದಿನೈದು ನಿಮಿಷ ಓಟಿಯಲ್ಲಿ ಎಲ್ಲರ ಕಣ್ಣೂ ಎಕೋ ಪರದೆಯ ಮೇಲಿರುತ್ತದೆ. ಇಲ್ಲಿ ಎಕೋ ಎಂದರೆ ಅನ್ನನಾಳಕ್ಕೆ ಪ್ರೋಬ್ ಇಳಿಸಿ ಹೃದಯವನ್ನು ಅಲ್ಟ್ರಾಸೌಂಡಿನಿಂದ ನೋಡುವುದು. ಹೊಲಿಗೆಯ ಪಕ್ಕದಿಂದ ರಕ್ತ ಸೋರುತ್ತಿದೆಯೇ, ಹೊಸ ಕವಾಟದ ಎರಡೂ ರೆಕ್ಕೆ ತೆರೆಯುತ್ತಿವೆಯೇ, ಎಡ ಕೆಳಕೋಣೆಯಲ್ಲಿ, ಅಂದರೆ ಎಲ್‌ವಿಯಲ್ಲಿ, ಗಾಳಿ ಉಳಿದಿದೆಯೇ ಎಂಬುದು ಆ ಹೊತ್ತಿನಲ್ಲೇ ಗೊತ್ತಾಗಬೇಕು. ಚಿತ್ರ ಸ್ಪಷ್ಟವಿಲ್ಲದಿದ್ದರೆ ಬೇಡದಿದ್ದರೂ ಮತ್ತೆ ಪಂಪ್‌ಗೆ ಹೋಗುತ್ತೇವೆ, ಇಲ್ಲವೇ ಹೋಗಲೇಬೇಕಾದ ಕಡೆ ಹೋಗದೆ ಎದೆ ಮುಚ್ಚಿಬಿಡುತ್ತೇವೆ. ಎರಡರಲ್ಲೂ ನಷ್ಟ ರೋಗಿಯದೇ.

ಚಿತ್ರ ಕೆಟ್ಟಾಗ ಮೊದಲು ಬೈಯಿಸಿಕೊಳ್ಳುವುದು ಮಷೀನು. ಮಷೀನಿನ ವಯಸ್ಸು ಲೆಕ್ಕಕ್ಕೆ ಬರುತ್ತದೆ, ಒಪ್ಪೋಣ. ಆದರೆ ಓಟಿಯಲ್ಲಿ ಕಾಣುವ ಮಸುಕಿನ ಬಹುಪಾಲಿಗೆ ಕಾರಣ ಬೇರೆಯೇ ಇರುತ್ತದೆ: ಹೊಟ್ಟೆಯೊಳಗಿನ ಗಾಳಿ, ಅನ್ನನಾಳದ ಗೋಡೆಗೆ ಸರಿಯಾಗಿ ತಾಗದ ಪ್ರೋಬ್, ತಪ್ಪು ಡೆಪ್ತ್ (ಪರದೆ ತೋರಿಸುವ ಆಳ), ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಕಾಟರಿಯ ಗದ್ದಲ, ಕವಾಟದ ನೆರಳನ್ನು ತಪ್ಪಿಸದ ಕೋನ. ಇವೆಲ್ಲ ಕಾಸು ಖರ್ಚಿಲ್ಲದೆ ಸರಿಹೋಗುವಂಥವು. ಸರಿಮಾಡಲು ಸಮಯ ಮಾತ್ರ ಬೇಕು, ಆ ಸಮಯ ಸಿಗುವುದು ಪಂಪ್‌ಗೆ ಹೋಗುವ ಮೊದಲು. ಪಂಪ್‌ನಿಂದ ಹೊರಬಂದ ಮೇಲೆ ಗುಂಡಿ ಹುಡುಕುತ್ತ ಕೂತರೆ ಆಗದು.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಇದಕ್ಕೊಂದು ಸ್ವಂತ ಕಾರಣವೂ ಇದೆ. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವಿನ ಜ್ವರ ಬಂದು, ಸರಿಯಾದ ಔಷಧಿ ಸಿಗದೆ ಹೃದಯದ ಎಡ ಮೇಲ್ಕೋಣೆ, ಕೆಳಕೋಣೆಗಳ ನಡುವಿನ ಮೈಟ್ರಲ್ ಕವಾಟ ಕೆಟ್ಟವರು ಇಲ್ಲಿ ಇನ್ನೂ ಬರುತ್ತಾರೆ. ಸಿಂಧನೂರು, ಮಾನ್ವಿ, ಸಿರುಗುಪ್ಪ, ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು, ನಾಲ್ಕು ಹೆಜ್ಜೆಗೆ ಉಬ್ಬಸ ಬರುವವರೆಗೂ ಆಸ್ಪತ್ರೆಯ ಮೆಟ್ಟಿಲು ಹತ್ತದವರು. ಇಂಥ ಹೃದಯದ ಚಿತ್ರ ತೆಗೆಯುವುದರಲ್ಲಿ ಒಂದು ಅನುಕೂಲ, ಎರಡು ತೊಡಕು. ಅನುಕೂಲವೆಂದರೆ ಎಡ ಮೇಲ್ಕೋಣೆ, ಎಲ್‌ಎ, ಬಹಳ ಹಿಗ್ಗಿರುತ್ತದೆ. ಅನ್ನನಾಳ ಅದಕ್ಕೇ ಅಂಟಿಕೊಂಡಿರುವುದರಿಂದ ಪ್ರೋಬ್‌ಗೆ ಒಳ್ಳೆ ಕಿಟಕಿ ಸಿಕ್ಕಂತಾಗುತ್ತದೆ. ತೊಡಕುಗಳಲ್ಲಿ ಮೊದಲನೆಯದು ಸುಣ್ಣಗಟ್ಟಿದ ಕವಾಟ, ಅದು ತನ್ನ ಹಿಂದಿರುವುದನ್ನೆಲ್ಲ ಮರೆಮಾಡುತ್ತದೆ. ಎರಡನೆಯದು ಏಟ್ರಿಯಲ್ ಫಿಬ್ರಿಲೇಷನ್. ಬಡಿತಕ್ಕೆ ಲಯವೇ ಇಲ್ಲದಿರುವಾಗ ನಾಲ್ಕಾರು ಬಡಿತ ಜೋಡಿಸಿ ಕಟ್ಟುವ ತ್ರೀಡಿ ಚಿತ್ರ ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಕಾಣುತ್ತದೆ. ಅಂಥವರಲ್ಲಿ ಒಂದೇ ಬಡಿತದ ಲೈವ್ ತ್ರೀಡಿ ತೆಗೆಯುವುದೇ ಮೇಲು. ಚೂರು ಒರಟಾಗಿ ಕಂಡರೂ ಸುಳ್ಳು ಹೇಳುವುದಿಲ್ಲ.

ಮೊದಲು ಹೊಟ್ಟೆಯ ಗಾಳಿ. ಮಾಸ್ಕ್ ಹಿಡಿದು ಉಸಿರು ಕೊಡುವಾಗ ಒತ್ತಡ 20 ಸೆಂಟಿಮೀಟರ್ ನೀರಿನ ಮಟ್ಟ ದಾಟಿದರೆ ಗಾಳಿ ಜಠರಕ್ಕೆ ನುಗ್ಗುತ್ತದೆ. ಅಲ್ಟ್ರಾಸೌಂಡಿಗೆ ಗಾಳಿ ಗೋಡೆಯಿದ್ದಂತೆ. ಅದರಾಚೆ ಏನೂ ಕಾಣದು. ನೈಟ್ರಸ್ ಆಕ್ಸೈಡ್ ಬಳಸಿದರೆ ಆ ಗಾಳಿಯ ಗುಳ್ಳೆ ಇನ್ನಷ್ಟು ಊದಿಕೊಳ್ಳುತ್ತದೆ, ಹಾಗಾಗಿ ಎಕೋ ಬೇಕಾದ ಕೇಸಿನಲ್ಲಿ ಅದನ್ನು ಬಿಡುವುದೇ ಸರಿ. ಉಸಿರಿನ ಟ್ಯೂಬ್ ಹಾಕಿದ ಕೂಡಲೇ ಬಾಯಿಂದ ಜಠರಕ್ಕೆ ರೈಲ್ಸ್ ಟ್ಯೂಬ್ ಇಳಿಸಿ, ಜಠರದ ಮೇಲೆ ಅಂಗೈಯಿಂದ ಮೆಲ್ಲಗೆ ಒತ್ತುತ್ತ ಪೂರ್ತಿ ಸಕ್ಷನ್ ಮಾಡಬೇಕು, ಆಮೇಲೆ ಆ ರೈಲ್ಸ್ ಟ್ಯೂಬನ್ನು ಹೊರತೆಗೆಯಬೇಕು. ಈ ಕೊನೆಯ ಹೆಜ್ಜೆಯನ್ನು ಮರೆಯುವವರು ಬಹಳ. ರೈಲ್ಸ್ ಟ್ಯೂಬ್ ಒಳಗೇ ಉಳಿದರೆ ಪ್ರೋಬ್ ಮತ್ತು ಅನ್ನನಾಳದ ನಡುವೆ ಸಿಕ್ಕಿಕೊಂಡು, ಒಂದು ಕಡೆ ಉದ್ದುದ್ದ ನೆರಳು ಬೀಳಿಸುತ್ತದೆ. ನೋಡುವವರು ಅದನ್ನು ಕವಾಟದ ಸುಣ್ಣವೆಂದೋ, ಪ್ರೋಬ್ ಕೆಟ್ಟಿದೆಯೆಂದೋ ತಿಳಿಯುತ್ತಾರೆ.

ಪ್ರೋಬ್ ಇಳಿಸುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳನ್ನು ಹಿಂದಿನ ದಿನ ವಾರ್ಡಿನಲ್ಲೇ ಕೇಳಿ ಮುಗಿಸಿರಬೇಕು. ನುಂಗಲು ಕಷ್ಟವಿದೆಯೇ, ರಕ್ತವಾಂತಿಯಾಗಿತ್ತೇ, ಅನ್ನನಾಳದ ಆಪರೇಷನ್ ಆಗಿದೆಯೇ, ಚಿಕ್ಕಂದಿನಲ್ಲಿ ಆಸಿಡ್ ಏನಾದರೂ ಕುಡಿದದ್ದುಂಟೇ. ಅನ್ನನಾಳ ಕಿರಿದಾಗಿದ್ದರೆ, ಗಡ್ಡೆ ಇದ್ದರೆ, ರಂಧ್ರವಾಗಿದ್ದರೆ ಪ್ರೋಬ್ ಹಾಕುವಂತಿಲ್ಲ. ಲಿವರ್ ಕೆಟ್ಟು ಅನ್ನನಾಳದ ರಕ್ತನಾಳಗಳು ಉಬ್ಬಿದ್ದವರಲ್ಲಿ ನಿಜಕ್ಕೂ ಬೇಕೇ ಎಂದು ಸರ್ಜನ್ ಜೊತೆ ಕೂತು ತೀರ್ಮಾನಿಸಬೇಕು. ಇಳಿಸುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಕೊಡುವುದಕ್ಕೆ ಮೊದಲೇ ಆಗಬೇಕು. ಬೈಟ್ ಬ್ಲಾಕ್ ಹಾಕಿ, ತುದಿಗೆ ಧಾರಾಳ ಜೆಲ್ ಹಚ್ಚಿ, ತುದಿ ಬಾಗಿಸುವ ಎರಡೂ ಚಕ್ರದ ಲಾಕ್ ಬಿಚ್ಚಿ ತುದಿ ನೆಟ್ಟಗಿದೆಯೆಂದು ನೋಡಿ, ಕೆಳದವಡೆ ಮುಂದಕ್ಕೆತ್ತಿ ಇಳಿಸಿ. ಎರಡು ಸಲಕ್ಕೆ ಹೋಗದಿದ್ದರೆ ಲ್ಯಾರಿಂಗೋಸ್ಕೋಪ್ ಹಾಕಿ ಕಣ್ಣಾರೆ ನೋಡಿ ಇಳಿಸಬೇಕು. ತಡೆ ಸಿಕ್ಕಲ್ಲಿ ದಬ್ಬಿದರೆ ಗಂಟಲು ಹರಿಯುತ್ತದೆ. ಮತ್ತೆ ಮತ್ತೆ ಪ್ರಯತ್ನಿಸುವ ಹಠ ಇಲ್ಲಿ ಬೇಡ. ಹೃದಯದ ಮೇಲೆಯೇ ಪ್ರೋಬ್ ಇಟ್ಟು ನೋಡುವ ಎಪಿಕಾರ್ಡಿಯಲ್ ಎಕೋ ಎಂಬ ಬೇರೆ ದಾರಿಯಿದೆ, ಅದನ್ನು ಮುಂದೆ ಹೇಳಿದ್ದೇನೆ.

ಬಾಯಿಯ ಹಲ್ಲಿನಿಂದ ಲೆಕ್ಕ ಹಾಕಿದರೆ 30ರಿಂದ 35 ಸೆಂಟಿಮೀಟರಿನಲ್ಲಿ ಪ್ರೋಬ್ ಎಲ್‌ಎ ಹಿಂದೆ ಇರುತ್ತದೆ, 40ರಿಂದ 45ರಲ್ಲಿ ಜಠರದೊಳಗೆ. ಇನ್ನು ಕಿರಣ ತಿರುಗಿಸುವ ಕೋನ: ನಾಲ್ಕು ಕೋಣೆ 0ರಿಂದ 10 ಡಿಗ್ರಿಯಲ್ಲಿ, ಮೈಟ್ರಲ್ ಕವಾಟದ ರೆಕ್ಕೆಗಳು ಕೂಡುವ ಅಂಚು ತೋರಿಸುವ ಕಮಿಶರಲ್ ನೋಟ 50ರಿಂದ 70ರಲ್ಲಿ, ಎರಡು ಕೋಣೆ 80ರಿಂದ 100ರಲ್ಲಿ, ಉದ್ದನೆಯ ನೋಟ 120ರಿಂದ 140ರಲ್ಲಿ. 1999ರ ಮಾರ್ಗಸೂಚಿ 20 ನೋಟಗಳನ್ನು ಪಟ್ಟಿ ಮಾಡಿತ್ತು, 2013ರಲ್ಲಿ ಅವು 28 ಆದವು. ಅಷ್ಟನ್ನೂ ಪ್ರತಿ ಕೇಸಿನಲ್ಲಿ ತೆಗೆಯಲು ಆಗದಿರಬಹುದು. ಆದರೆ ಯಾವ ಕ್ರಮದಲ್ಲಿ ಹೋಗುತ್ತೀರೋ ಅದೇ ಕ್ರಮವನ್ನು ದಿನವೂ ಇಟ್ಟುಕೊಳ್ಳಿ. ಕ್ರಮ ಬದಲಾಯಿಸಿದ ದಿನವೇ ಬಲಗಡೆಯ ಟ್ರೈಕಸ್ಪಿಡ್ ಕವಾಟ ನೋಡದೆ ಉಳಿಯುತ್ತದೆ.

ಈ ಡಿಗ್ರಿಗಳನ್ನು ಬಾಯಿಪಾಠ ಮಾಡಿದವರೂ ಎಡವುವುದು ತಾಗಿಸುವ ವಿಷಯದಲ್ಲಿ. ಪರದೆಯ ಮೇಲ್ತುದಿಯಲ್ಲಿ ಒಂದರ ಕೆಳಗೊಂದು ಸಮಾನ ಅಂತರದ ಬಿಳಿ ಗೆರೆ ಕಂಡು, ಕೆಳಗೆಲ್ಲ ಕಪ್ಪಾಗಿದ್ದರೆ ತುದಿ ಗೋಡೆಗೆ ತಾಗಿಲ್ಲ ಎಂದೇ ಅರ್ಥ. ದೊಡ್ಡ ಚಕ್ರವನ್ನು ಕೊಂಚ ತಿರುಗಿಸಿ ತುದಿಯನ್ನು ಮುಂದಕ್ಕೆ ಬಾಗಿಸಿ. ಆಗದಿದ್ದರೆ ಒಂದು ಸೆಂಟಿಮೀಟರ್ ಹಿಂದೆ ಮುಂದೆ ಸರಿಸಿ. ಅದೂ ಆಗದಿದ್ದರೆ ಪ್ರೋಬ್ ಹೊರತೆಗೆದು, ಮತ್ತೆ ಸಕ್ಷನ್ ಮಾಡಿ, ಹೊಸ ಜೆಲ್ ಹಚ್ಚಿ ಇಳಿಸಿ. ಕವರ್ ಹಾಕಿ ಬಳಸುವ ಕಡೆ ಕವರಿನೊಳಗೂ ಜೆಲ್ ತುಂಬಿ, ಲೆನ್ಸಿನ ಮೇಲೆ ಒಂದೂ ಗುಳ್ಳೆ ಉಳಿಯದಂತೆ ಬೆರಳಿನಿಂದ ನೀವಬೇಕು. ಗೇನ್ (ಚಿತ್ರದ ಹೊಳಪು) ಏರಿಸಿ ಇದನ್ನು ಮುಚ್ಚಲು ಹೋಗಬೇಡಿ. ತಾಗದ ಪ್ರೋಬ್‌ಗೆ ಗೇನ್ ಏರಿಸಿದರೆ ಬರುವುದು ಬೆಳ್ಳಗಿನ ಮಂಜು ಮಾತ್ರ.

ಈಗ ಗುಂಡಿಗಳು. ಶಬ್ದ ಮಾಂಸದೊಳಗೆ ಸೆಕೆಂಡಿಗೆ 1540 ಮೀಟರ್ ಓಡುತ್ತದೆ, ಅಂದರೆ ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 13 ಮೈಕ್ರೋಸೆಕೆಂಡ್. ಡೆಪ್ತ್ 16 ಸೆಂಟಿಮೀಟರ್ ಇಟ್ಟರೆ ಒಂದೊಂದು ಗೆರೆಗೂ 208 ಮೈಕ್ರೋಸೆಕೆಂಡ್ ಬೇಕು, 10ಕ್ಕೆ ಇಳಿಸಿದರೆ 130 ಸಾಕು. ಅದೇ ಸಮಯದಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ಚೌಕಟ್ಟು ಸಿಗುತ್ತದೆ. ಕವಾಟ ನೋಡುವಾಗ ಎಲ್‌ವಿಯ ತುದಿಯವರೆಗೆ ಡೆಪ್ತ್ ಇಟ್ಟುಕೊಂಡು ಕೂರುವುದೇಕೆ? ಕವಾಟ ಪರದೆಯ ನಡುವೆ ಬರುವಷ್ಟು ಡೆಪ್ತ್ ಇಳಿಸಿ, ಸೆಕ್ಟರ್ ಕಿರಿದು ಮಾಡಿ, ಫೋಕಸ್ ಕವಾಟದ ಮಟ್ಟಕ್ಕೆ ತನ್ನಿ. ಫ್ರೀಕ್ವೆನ್ಸಿಯ ಲೆಕ್ಕವೂ ಹೀಗೆಯೇ. 7 ಮೆಗಾಹರ್ಟ್ಸ್‌ನಲ್ಲಿ ಹತ್ತಿರದ್ದು ಚೂಪಾಗಿ ಕಾಣುತ್ತದೆ, ಆಳಕ್ಕೆ ಹೋಗುವಷ್ಟರಲ್ಲಿ ಸೊರಗುತ್ತದೆ. 4ರ ಆಸುಪಾಸಿನಲ್ಲಿ ಆಳ ಸಿಗುತ್ತದೆ, ಅಂಚು ಮೊಂಡಾಗುತ್ತದೆ. ಎಲ್‌ಎ ಚೀಲದಲ್ಲಿ (ಮೇಲ್ಕೋಣೆಗೆ ಅಂಟಿದ ಕಿರುಚೀಲ) ಹೆಪ್ಪು ಹುಡುಕುವಾಗ ಮೇಲಿನದು, ಜಠರದಿಂದ ಎಲ್‌ವಿ ನೋಡುವಾಗ ಕೆಳಗಿನದು. ರಕ್ತದ ಹರಿವು ಬಣ್ಣದಲ್ಲಿ ತೋರಿಸುವ ಕಲರ್ ಹಾಕಿದರೆ ಚೌಕವನ್ನು ಕವಾಟದಷ್ಟಕ್ಕೇ ಇಟ್ಟು, ವೇಗದ ಸ್ಕೇಲ್ ಸೆಕೆಂಡಿಗೆ 50ರಿಂದ 60 ಸೆಂಟಿಮೀಟರಿನಲ್ಲಿರಲಿ. ಸ್ಕೇಲ್ 30ಕ್ಕೆ ಇಳಿದಿರುವುದನ್ನು ಗಮನಿಸದೆ ನೋಡಿದರೆ ಸಣ್ಣ ಸೋರಿಕೆಯೂ ಭಯಂಕರವಾಗಿ ಕಾಣುತ್ತದೆ, ಕೂಡಲೇ ಸರ್ಜನ್‌ಗೆ ಚಿಂತೆ ಹತ್ತುತ್ತದೆ.

ಪರದೆಯ ಮೇಲೆ ಬೀಳುವ ದೀಪದ ಬಗ್ಗೆ ಯಾರೂ ಮಾತಾಡುವುದಿಲ್ಲ. ಓಟಿಯ ದೊಡ್ಡ ದೀಪದ ಬೆಳಕು ಪರದೆಗೆ ತಾಗಿದರೆ ಕಣ್ಣು ಮಬ್ಬಾಗಿ, ಕೈ ತಾನಾಗಿ ಗೇನ್ ಏರಿಸುತ್ತದೆ. ಏರಿದ ಗೇನ್‌ನಲ್ಲಿ ತೆಳು ಕವಾಟ ದಪ್ಪಗೆ ಕಾಣುತ್ತದೆ, ಇಲ್ಲದ ಹೆಪ್ಪು ಇದ್ದಂತೆ ಕಾಣುತ್ತದೆ. ಪರದೆಯನ್ನು ದೀಪಕ್ಕೆ ಬೆನ್ನು ಮಾಡಿ ನಿಲ್ಲಿಸಿ, ತಲೆಯ ಕಡೆಯ ಕೋಣೆದೀಪ ಆರಿಸಿಕೊಳ್ಳಿ. ಸರಿಯಾದ ಗೇನ್ ಎಂದರೆ ರಕ್ತ ಕಪ್ಪಾಗಿ, ಅಲ್ಲಲ್ಲಿ ಒಂದೆರಡು ಚುಕ್ಕೆ ಮಿನುಗುವಷ್ಟು.

ಕಾಟರಿ ಹಾಕಿದಾಗ ಪರದೆ ತುಂಬ ಗೆರೆ ಓಡುತ್ತವೆ, ಕಲರ್ ಅಂತೂ ಪೂರ್ತಿ ಹಾಳು. ಇದಕ್ಕೆ ಯಾವ ಫಿಲ್ಟರೂ ನೆಟ್ಟಗೆ ಕೆಲಸ ಮಾಡುವುದಿಲ್ಲ. "ಸರ್, ಅರ್ಧ ನಿಮಿಷ ಕಾಟರಿ ನಿಲ್ಲಿಸ್ರಿ" ಎಂದು ಕೇಳುವುದೇ ಮದ್ದು. ಕೇಳಲು ಸಂಕೋಚ ಪಡುವ ಕಿರಿಯರಿಗೆ ಹೇಳುವುದಿಷ್ಟೇ: ಯಾವ ಸರ್ಜನ್ನೂ ಇದಕ್ಕೆ ಬೇಡ ಅನ್ನುವುದಿಲ್ಲ, ಬೇಕಾದ್ದೇನು ಎಂದು ಮೊದಲೇ ಹೇಳಿದರೆ. ಅದರ ಜೊತೆಗೆ ವೆಂಟಿಲೇಟರನ್ನೂ ಕೆಲ ಸೆಕೆಂಡ್ ನಿಲ್ಲಿಸಿಕೊಂಡರೆ ಚಿತ್ರ ಅಲುಗುವುದಿಲ್ಲ. ಕಾಟರಿ ಮತ್ತು ಎಕೋ ಮಷೀನ್ ಒಂದೇ ಬೋರ್ಡಿನಲ್ಲಿ ಚುಚ್ಚಿದ್ದರೆ ಬೇರೆ ಬೇರೆ ಮಾಡಿ. ಇಸಿಜಿಯೂ ಇಷ್ಟೇ ಮುಖ್ಯ. ಮಷೀನಿನ ಮೂರು ಲೀಡನ್ನು ಭುಜದ ಹಿಂಬದಿ, ಪಕ್ಕೆಯ ಹಿಂಬದಿ ಅಂಟಿಸಿ, ಆರ್ ಅಲೆ ಎತ್ತರವಿರುವ ಲೀಡ್ ಆರಿಸಿ. ಪಂಪ್ ಬಿಟ್ಟ ಮೇಲೆ ಪೇಸಿಂಗ್ ನಡೆದಿದ್ದರೆ ಮಷೀನು ಪೇಸರ್ ಮೊಳೆಯನ್ನೇ ಬಡಿತವೆಂದು ಎಣಿಸಿ ಅರೆಬರೆ ಕ್ಲಿಪ್ ಉಳಿಸುತ್ತದೆ. ಆಗ ಬಡಿತದ ಲೆಕ್ಕ ಬಿಟ್ಟು ಮೂರು ಸೆಕೆಂಡ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಪಂಪ್‌ಗೆ ಮೊದಲಿನ ಪರೀಕ್ಷೆಯಲ್ಲಿ ಒಂದು ಮೋಸದ ಜಾಗವಿದೆ. ಅರಿವಳಿಕೆಯಲ್ಲಿ ಬಿಪಿ ಇಳಿದಿರುವುದರಿಂದ ಮೈಟ್ರಲ್ ಸೋರಿಕೆ ವಾರ್ಡಿನಲ್ಲಿ ಕಂಡದ್ದಕ್ಕಿಂತ ಕಡಿಮೆ ಕಾಣುತ್ತದೆ. ತೀವ್ರವಾಗಿದ್ದದ್ದು ಮಧ್ಯಮವಾದಂತೆ ಕಂಡು, ಕವಾಟ ಮುಟ್ಟಬೇಕೇ ಬೇಡವೇ ಎಂಬ ಚರ್ಚೆ ಶುರುವಾಗುತ್ತದೆ. ಫೆನಿಲೆಫ್ರಿನ್ 50ರಿಂದ 100 ಮೈಕ್ರೋಗ್ರಾಂ ಕೊಟ್ಟು, ರೋಗಿಯ ಎಂದಿನ ಬಿಪಿಗೆ ತಂದು ಮತ್ತೆ ನೋಡಬೇಕು. ವೀನಾ ಕಂಟ್ರಾಕ್ಟಾ, ಅಂದರೆ ಸೋರಿಕೆಯ ಅತಿ ಕಿರಿದಾದ ಕತ್ತು, 0.7 ಸೆಂಟಿಮೀಟರ್ ಮುಟ್ಟಿದರೆ ತೀವ್ರವೇ ಸರಿ. ಆದರೂ ಆಪರೇಷನ್ ಮಾಡುವ ತೀರ್ಮಾನ ಎಚ್ಚರವಿದ್ದಾಗ ತೆಗೆದ ಎಕೋ ಮೇಲೆಯೇ ನಿಲ್ಲಬೇಕು ಎನ್ನುವವರ ಪಕ್ಷ ನನ್ನದು.

ಎಲ್‌ಎ ಚೀಲವನ್ನು 0, 45, 90, 135 ಈ ನಾಲ್ಕೂ ಕೋನದಲ್ಲಿ ನೋಡದೆ ಹೆಪ್ಪಿಲ್ಲ ಎನ್ನಬೇಡಿ. ಚೀಲದೊಳಗಿನ ಸ್ನಾಯುವಿನ ಏಣುಗಳು ಒಂದು ಕೋನದಲ್ಲಿ ಹೆಪ್ಪಿನಂತೆಯೇ ಕಾಣುತ್ತವೆ, ಕೋನ ತಿರುಗಿಸಿದರೆ ಗೋಡೆಗೆ ಸೇರಿಕೊಳ್ಳುತ್ತವೆ. ಚೀಲದಿಂದ ರಕ್ತ ಹೊರಬರುವ ವೇಗ ಸೆಕೆಂಡಿಗೆ 20 ಸೆಂಟಿಮೀಟರಿಗಿಂತ ಕಡಿಮೆಯಿದ್ದು, ಒಳಗೆ ಹೊಗೆ ಸುತ್ತಿದಂತೆ ಕಂಡರೆ ಇನ್ನಷ್ಟು ಹುಡುಕಿ. ಹೆಪ್ಪು ಕಂಡಿತೋ, ಸರ್ಜನ್‌ಗೆ ಆಗಲೇ ಹೇಳಿ. ಪಂಪ್‌ಗೆ ಹೋಗಿ ಕ್ಲ್ಯಾಂಪ್ ಹಾಕುವವರೆಗೆ ಹೃದಯವನ್ನು ಅಲುಗಿಸದೆ ಇರುವುದು ಅವರ ಕೈಯಲ್ಲಿದೆ. ಹೃದಯದ ಸ್ವಂತ ರಕ್ತ ಮರಳುವ ಸಿರೆ, ಕೊರೊನರಿ ಸೈನಸ್, ಹಿಗ್ಗಿದ್ದರೆ ಎಡಗೈ ಸೂಜಿಯಿಂದ ಕಲಕಿದ ಸಲೈನ್ ಬಿಟ್ಟು ನೋಡಿ. ಗುಳ್ಳೆ ಮೊದಲು ಸೈನಸ್‌ನಲ್ಲಿ ಕಂಡರೆ ಎಡಗಡೆ ಇನ್ನೊಂದು ಮೇಲ್ಮಹಾಸಿರೆ ಉಳಿದಿದೆ, ಆ ಸೈನಸ್ ಮೂಲಕ ಹಿಮ್ಮುಖವಾಗಿ ಕೊಡುವ ಕಾರ್ಡಿಯೋಪ್ಲೀಜಿಯಾ, ಅಂದರೆ ಹೃದಯ ನಿಲ್ಲಿಸುವ ದ್ರಾವಣ, ನೆಚ್ಚಿಕೊಳ್ಳುವಂತಿಲ್ಲ.

ಪಂಪ್ ನಡೆಯುವಾಗ ಚಿತ್ರ ಫ್ರೀಜ್ ಮಾಡಿ, ಚಕ್ರದ ಲಾಕ್ ಬಿಚ್ಚಿ, ತುದಿಯನ್ನು ನೆಟ್ಟಗೆ ಬಿಡಿ. ಪ್ರೋಬಿನ ಶಬ್ದ ಹೊರಡಿಸುವ ಹರಳು ಕೆಲಸ ಮಾಡುತ್ತಿದ್ದರೆ ತುದಿ ಬಿಸಿಯಾಗುತ್ತಲೇ ಇರುತ್ತದೆ, ತಣ್ಣಗಾದ ಮೈಯಲ್ಲಿ ಆ ಬಿಸಿ ಅನ್ನನಾಳದ ಒಂದೇ ಜಾಗಕ್ಕೆ ತಾಗುತ್ತದೆ. ಮೈ ಮತ್ತೆ ಬಿಸಿ ಮಾಡುವಾಗ ಪ್ರೋಬ್ ತಾನಾಗಿ ಬಂದ್ ಆದರೆ ಗಾಬರಿ ಬೇಡ. ತುದಿಯ ಶಾಖ ಮಿತಿ ಮುಟ್ಟಿದೆ, ಅಷ್ಟೇ. ಫ್ರೀಜ್ ಮಾಡಿ ಕೆಲ ನಿಮಿಷ ಬಿಟ್ಟರೆ ಮರಳಿ ಬರುತ್ತದೆ.

ಗಾಳಿ ತೆಗೆಯುವ ಹಂತಕ್ಕೆ ಬಂದಾಗ ಎಕೋ ನೋಡುವವರೇ ಕಣ್ಣು. ಮಲಗಿದ ರೋಗಿಯಲ್ಲಿ ಗಾಳಿ ಎಲ್ಲಿ ಎತ್ತರವೋ ಅಲ್ಲಿ ಕೂರುತ್ತದೆ: ಬಲ ಮೇಲಿನ ಶ್ವಾಸಕೋಶ ಸಿರೆಯ ಬಾಯಿ, ಎಲ್‌ಎ ಚೀಲ, ಎಲ್‌ವಿಯ ತುದಿ, ಮಹಾಅಪಧಮನಿಯಾದ ಅಯೋರ್ಟಾದಿಂದ ಬಲ ಕೊರೊನರಿ (ಹೃದಯಕ್ಕೆ ರಕ್ತ ಕೊಡುವ ನಾಳ) ಹೊರಡುವ ಗೂಡು. ಕೂತ ಗಾಳಿ ಹೊಳೆಯುವ ಬಿಳಿ ಗೆರೆಯಂತೆ ಕಂಡು, ಮಟ್ಟವಾಗಿ ಓಲಾಡುತ್ತದೆ. ಅದರ ಹಿಂದೆ ಏನೂ ಕಾಣುವುದಿಲ್ಲ. ತೇಲುವ ಸಣ್ಣ ಚುಕ್ಕೆಗಳಿಗಿಂತ ಈ ಗೆರೆಯೇ ಅಪಾಯ. ಹೃದಯ ತುಂಬಿಸಿ, ಶ್ವಾಸಕೋಶ ಉಬ್ಬಿಸಿ, ಟೇಬಲ್ ಎಡಕ್ಕೆ ಬಲಕ್ಕೆ ವಾಲಿಸಿ, ಸರ್ಜನ್ ಹೃದಯದ ತುದಿಯನ್ನು ಅಲುಗಿಸುವಾಗ 120ರಿಂದ 140 ಡಿಗ್ರಿಯ ಉದ್ದ ನೋಟ ಇಟ್ಟುಕೊಂಡರೆ ತುದಿ, ಎಲ್‌ವಿಯಿಂದ ರಕ್ತ ಹೊರಡುವ ಹೊರಹರಿವಿನ ದಾರಿ, ಅಯೋರ್ಟಾದ ಬುಡ ಮೂರೂ ಒಟ್ಟಿಗೆ ಸಿಗುತ್ತವೆ. ಬಿಳಿ ಗೆರೆ ಮಾಯವಾಗುವವರೆಗೆ ಅಯೋರ್ಟಾ ಬುಡದಲ್ಲಿ ಗಾಳಿ ಹೊರಬಿಡುವ ನಳಿಕೆ, ರೂಟ್ ವೆಂಟ್, ತೆಗೆಯಬಾರದು. ಎದೆಗೂಡಿನೊಳಗೆ ಕಾರ್ಬನ್ ಡೈಆಕ್ಸೈಡ್ ಹರಿಸುವ ರೂಢಿ ಇದ್ದಲ್ಲಿ ಕೆಲಸ ಹಗುರ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಕೆಳಗೆ ನಿಲ್ಲುತ್ತದೆ, ರಕ್ತದಲ್ಲಿ ಬೇಗ ಕರಗುತ್ತದೆ. ಎಲ್ಲ ಮುಗಿಯಿತು ಎನ್ನುವಾಗ ಬಲ ಕೆಳಕೋಣೆ ದಿಢೀರನೆ ಹಿಗ್ಗಿ, ಇಸಿಜಿಯಲ್ಲಿ ಕೆಳಗೋಡೆಯ ಎಸ್‌ಟಿ ಎದ್ದರೆ ಬಲ ಕೊರೊನರಿಗೆ ಗಾಳಿ ಹೋಗಿದೆ ಎಂದೇ ಮೊದಲ ಸಂಶಯ ಇರಲಿ. ಬಿಪಿ ಏರಿಸಿ, ಪಂಪ್ ಆಸರೆಯಲ್ಲಿ ಕೆಲ ನಿಮಿಷ ಕಾದರೆ ಬಹುತೇಕ ತಿಳಿಯಾಗುತ್ತದೆ. ಆಗದಿದ್ದರೆ ಬೇರೆ ಕಾರಣ ಹುಡುಕಬೇಕು.

ಹೊಸ ಮೆಟಲ್ ಮೈಟ್ರಲ್ ಕವಾಟ ನೋಡುವುದು ಬೇರೆಯದೇ ಕಲೆ. ಅನ್ನನಾಳದಿಂದ ನೋಡುವಾಗ ಎಲ್‌ಎ ಬದಿ ಚೆನ್ನಾಗಿ ಕಾಣುತ್ತದೆ. ಸೋರಿಕೆ ಅಲ್ಲೇ ಬರುವುದರಿಂದ ಇದು ಅದೃಷ್ಟವೇ. ಆದರೆ ಕವಾಟದ ಕೆಳಗೆ ಎಲ್‌ವಿ ಪೂರ್ತಿ ನೆರಳು. ಆ ನೆರಳಿನೊಳಗೆ ಎಲ್‌ವಿ ಹೇಗೆ ಬಡಿಯುತ್ತಿದೆ ಎಂದು ಊಹಿಸಬೇಡಿ. ಜಠರಕ್ಕೆ ಇಳಿದು, ತುದಿ ಮುಂದಕ್ಕೆ ಬಾಗಿಸಿ, 0ರಿಂದ 20 ಡಿಗ್ರಿಯ ಅಡ್ಡ ನೋಟ ತೆಗೆಯಿರಿ. ಅಲ್ಲಿಂದ ಕವಾಟದ ಕೆಳಬದಿಯೂ, ಎಲ್‌ವಿಯೂ ನೆರಳಿಲ್ಲದೆ ಸಿಗುತ್ತವೆ.

ಸೋರಿಕೆ ನೋಡಲು ಕಲರ್ ಹಾಕಿ 0ಯಿಂದ 180ರವರೆಗೆ ಹತ್ತು ಹದಿನೈದು ಡಿಗ್ರಿಗೊಮ್ಮೆ ನಿಲ್ಲುತ್ತ ತಿರುಗಿಸಿ. ಹೊಲಿಗೆ ಉಂಗುರದ ಒಳಗಿನಿಂದ ಬರುವ ಎರಡು ಮೂರು ತೆಳು, ಗಿಡ್ಡ ಜೆಟ್‌ಗಳು ಆ ಕವಾಟದ ವಿನ್ಯಾಸದಲ್ಲೇ ಇರುವಂಥವು, ಹಿಂಜ್ ತೊಳೆಯಲಿಕ್ಕೆ ಇಟ್ಟದ್ದು. ಉಂಗುರದ ಹೊರಗಿನಿಂದ, ಹೊಲಿಗೆ ಮತ್ತು ಮಾಂಸದ ನಡುವಿನಿಂದ ಬರುವುದು ಪಕ್ಕಸೋರಿಕೆ. ಅದು ಯಾವ ಕಡೆಗಿದೆ ಎಂಬುದನ್ನು ಡಿಗ್ರಿಯಲ್ಲಿ ಹೇಳಿದರೆ ಸರ್ಜನ್‌ಗೆ ಪ್ರಯೋಜನವಿಲ್ಲ. ಅವರು ನಿಂತ ಕಡೆಯಿಂದ, ಗಡಿಯಾರದ ಲೆಕ್ಕದಲ್ಲಿ, ಅಯೋರ್ಟಾ ಕವಾಟವನ್ನು ಹನ್ನೆರಡು ಗಂಟೆಗಿಟ್ಟು ಹೇಳಿ. ತ್ರೀಡಿಯ ಎದುರು ನೋಟ ಇರುವುದೇ ಇದಕ್ಕೆ. ಹೆಪರಿನ್ ಪರಿಣಾಮ ಅಳಿಸುವ ಪ್ರೋಟಮೈನ್ ಕೊಡುವ ಮೊದಲು ಕಂಡ ಸಣ್ಣ ಪಕ್ಕಸೋರಿಕೆ ಅನೇಕ ಸಲ ಕೊಟ್ಟ ಮೇಲೆ ಕಡಿಮೆಯಾಗುತ್ತದೆ. ದೊಡ್ಡದು ಆಗುವುದಿಲ್ಲ. ಕಾಯುವುದೋ, ಮತ್ತೆ ಹೋಗುವುದೋ ಎಂಬ ತೀರ್ಮಾನಕ್ಕೆ ಮುನ್ನ ಬಿಪಿಯನ್ನು ಮಾಮೂಲಿಗೆ ತಂದು ನೋಡಿ. 80ರ ಸಿಸ್ಟೋಲಿಕ್‌ನಲ್ಲಿ ಸಣ್ಣದಾಗಿ ಕಂಡದ್ದು 120ಕ್ಕೆ ಬಂದಾಗ ಬೇರೆ ಮುಖ ತೋರಿಸಬಹುದು.

ಎರಡು ರೆಕ್ಕೆಗಳಲ್ಲಿ ಒಂದು ತೆರೆಯದಿದ್ದರೆ ಅದು ಒಂದೇ ಕೋನದಲ್ಲಿ ಸಿಗುತ್ತದೆ, ಉಳಿದೆಲ್ಲ ಕೋನದಲ್ಲಿ ಸರಿಯಿದೆ ಅನಿಸುತ್ತದೆ. ರೆಕ್ಕೆಗಳಿಗೆ ಅಡ್ಡವಾಗಿ ಕಿರಣ ಹೋಗುವ ಕೋನ ಸಿಗುವವರೆಗೆ ತಿರುಗಿಸಿ, ಎರಡೂ ಸಮಾನಾಂತರ ಗೆರೆಯಂತೆ ಎದ್ದು ನಿಲ್ಲುವುದನ್ನು ನೋಡಿದ ಮೇಲೆಯೇ ಮುಂದೆ ಹೋಗಿ. ಹಳೆಯ ಕವಾಟದಲ್ಲಿ ಉಳಿಸಿಕೊಂಡ ದಾರ, ಕಾರ್ಡೆಯ ಎಳೆಯೋ, ಹೊಲಿಗೆ ದಾರದ ತುದಿಯೋ ರೆಕ್ಕೆಗೆ ಸಿಕ್ಕಿದ್ದರೆ ಅದಕ್ಕೆ ಮದ್ದು ಪಂಪ್ ಮಾತ್ರ, ಔಷಧಿಯಲ್ಲ. ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ, ಗ್ರೇಡಿಯೆಂಟ್, ಸರಾಸರಿ 5 ಮಿಲಿಮೀಟರ್ ಪಾದರಸದೊಳಗಿದ್ದರೆ ನೆಮ್ಮದಿ. ಬಡಿತ 110 ಇದ್ದು, ಅಡ್ರಿನಲಿನ್ ಓಡುತ್ತಿದ್ದರೆ 7 ಬಂದರೂ ಕವಾಟ ಸರಿಯಿರಬಹುದು. 220ನ್ನು ಹಾಫ್ ಟೈಮ್‌ನಿಂದ (ಒತ್ತಡ ಅರ್ಧಕ್ಕಿಳಿಯುವ ಸಮಯ) ಭಾಗಿಸಿ ಕವಾಟದ ಬಾಯಿಯ ಅಳತೆ ತೆಗೆಯುವ ಹಳೆಯ ಲೆಕ್ಕವನ್ನು ಕೃತಕ ಕವಾಟಕ್ಕೆ ಹಚ್ಚಬೇಡಿ.

ಅಯೋರ್ಟಿಕ್ ಕವಾಟದಲ್ಲಿ ರಕ್ತದ ವೇಗ ಅಳೆಯುವ ಡಾಪ್ಲರ್‌ಗೆ ಅನ್ನನಾಳದ ನೋಟ ಯಾವತ್ತೂ ಹೊಂದುವುದಿಲ್ಲ, ರಕ್ತ ಕಿರಣಕ್ಕೆ ಅಡ್ಡವಾಗಿ ಹರಿಯುತ್ತದೆ. ಕೋನ 30 ಡಿಗ್ರಿ ತಪ್ಪಿದರೆ ವೇಗ 13 ಪ್ರತಿಶತ ಕಡಿಮೆ ಬರುತ್ತದೆ. ಗ್ರೇಡಿಯೆಂಟ್ ವೇಗದ ವರ್ಗದಿಂದ ಬರುವುದರಿಂದ ಅದು 25 ಪ್ರತಿಶತ ಕುಸಿಯುತ್ತದೆ. ಜಠರದ ಆಳಕ್ಕೆ ಇಳಿದು, ತುದಿಯನ್ನು ಚೆನ್ನಾಗಿ ಮುಂದಕ್ಕೆ ಬಾಗಿಸಿ, ಹಾಗೆಯೇ ಮೆಲ್ಲಗೆ ಹಿಂದಕ್ಕೆಳೆದರೆ 0 ಡಿಗ್ರಿಯಲ್ಲಿ ಹೊರಹರಿವು ಕಿರಣಕ್ಕೆ ನೇರ ಬರುತ್ತದೆ. ಅಲ್ಲಿ ಸಿಗದಿದ್ದರೆ ಜಠರದ ನಡುಮಟ್ಟದಲ್ಲೇ 110ರಿಂದ 120 ಡಿಗ್ರಿ ಪ್ರಯತ್ನಿಸಿ. ಎರಡೂ ಕಡೆ ತೆಗೆದು, ಹೆಚ್ಚಿನದನ್ನು ಬರೆಯಿರಿ.

ಪಂಪ್ ಇಲ್ಲದೆ ಮಾಡುವ ಬೈಪಾಸಿನಲ್ಲಿ ಹೃದಯ ಎತ್ತಿ ಹಿಡಿದಾಗ ಜಠರದ ನೋಟ ಹೋಗಿಯೇಬಿಡುತ್ತದೆ, ನಡುವೆ ಗಾಳಿ ಮತ್ತು ಗಾಜ್ ಬಂದಿರುತ್ತದೆ. ಹುಡುಕುತ್ತ ಕಾಲ ಕಳೆಯದೆ ಅನ್ನನಾಳದ ನೋಟದಲ್ಲೇ ಗೋಡೆ ಚಲನೆ ನೋಡಿಕೊಳ್ಳಿ.

ಮೇಲುಮುಖ ಅಯೋರ್ಟಾದ ಮೇಲಿನ ಭಾಗ ಮಾತ್ರ ಅನ್ನನಾಳದಿಂದ ಕಾಣಿಸದು, ನಡುವೆ ಶ್ವಾಸನಾಳದ ಗಾಳಿ ನಿಂತಿರುತ್ತದೆ. ಪಂಪ್‌ನ ನಳಿಕೆಯಾದ ಕ್ಯಾನುಲಾ ಹಾಕುವುದು, ಕ್ಲ್ಯಾಂಪ್ ಹಚ್ಚುವುದು ಸರಿಯಾಗಿ ಅಲ್ಲೇ. ವಯಸ್ಸಾದ, ಸಕ್ಕರೆ ಕಾಯಿಲೆಯ, ಬೀಡಿ ಸೇದಿದ ರೋಗಿಯ ಅಯೋರ್ಟಾದ ಒಳಗಿನ ಮೆತ್ತನೆ ಪ್ಲಾಕ್ ಬೆರಳಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುವುದು ಸುಣ್ಣ ಮಾತ್ರ. ಅಂಥ ಕಡೆ ಅಯೋರ್ಟಾದ ಮೇಲೆಯೇ ಪ್ರೋಬ್ ಹಿಡಿಯುವ ಎಪಿಅಯೋರ್ಟಿಕ್ ಎಕೋ ಮಾಡಬೇಕು. ಲೈನ್ ಹಾಕಲು ಇಟ್ಟುಕೊಂಡ ಲೀನಿಯರ್ ಪ್ರೋಬ್ ಇದ್ದೇ ಇರುತ್ತದೆ. ಸ್ಟೆರೈಲ್ ಚೀಲದೊಳಗೆ ಜೆಲ್ ಹಾಕಿ, ಪ್ರೋಬ್ ಇಳಿಸಿ, ಗುಳ್ಳೆ ತೆಗೆದು ಕಟ್ಟಿ ಸರ್ಜನ್ ಕೈಗೆ ಕೊಡಿ. ಪೆರಿಕಾರ್ಡಿಯಂ ಬಟ್ಟಲಿಗೆ ಬೆಚ್ಚನೆ ಸಲೈನ್ ತುಂಬಿ, ಪ್ರೋಬನ್ನು ಅಯೋರ್ಟಾಗೆ ಒತ್ತದೆ ಒಂದು ಸೆಂಟಿಮೀಟರ್ ಮೇಲೆ ಹಿಡಿದರೆ ಹತ್ತಿರದ ಗೋಡೆಯೂ ಸ್ಪಷ್ಟ ಕಾಣುತ್ತದೆ. ಒತ್ತಿದರೆ ಹತ್ತಿರದ ಗೋಡೆ ಮಸುಕಾಗುತ್ತದೆ. ಅಡ್ಡ, ಉದ್ದ ಎರಡೂ ನೋಟ ತೆಗೆಯಲು ಐದು ನಿಮಿಷ ಸಾಕು. ಪ್ರೋಬ್ ಅನ್ನನಾಳಕ್ಕೆ ಹೋಗದ ರೋಗಿಯಲ್ಲಿ ಹೃದಯದ ಮೇಲೆಯೇ ಇದೇ ರೀತಿ ಎದೆಯ ಎಕೋ ಪ್ರೋಬ್ ಇಟ್ಟು ಕವಾಟ ನೋಡಬಹುದು. ಈ ಎರಡನ್ನೂ ನಮ್ಮ ಕಡೆ ಇನ್ನೂ ಹೆಚ್ಚು ಬಳಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರೋಬಿನ ಆರೈಕೆ ಹೇಳದೆ ಮಾತು ಪೂರ್ತಿಯಾಗದು. ಬಳ್ಳಾರಿ, ರಾಯಚೂರಿನ ಬೋರ್‌ವೆಲ್ ನೀರು ಗಡಸು. ಆ ನೀರಿನಲ್ಲಿ ತೊಳೆದು ಒಣಗಿಸಿದ ಲೆನ್ಸಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕೊನೆಯ ತೊಳೆತಕ್ಕಾದರೂ ಆರ್‌ಓ ನೀರು ಬಳಸಿ. ಕೇಸ್ ಮುಗಿದ ಕೂಡಲೇ, ಲೋಳೆ ಒಣಗುವ ಮೊದಲು, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂಜೈಮ್ ದ್ರಾವಣದಲ್ಲಿ ತೊಳೆಯಬೇಕು. ಆಮೇಲೆ ಸೂಕ್ಷ್ಮಾಣು ಕೊಲ್ಲುವ 0.55 ಪ್ರತಿಶತದ ಓಪಿಎ ದ್ರಾವಣ, 20 ಡಿಗ್ರಿಯಲ್ಲಿ 12 ನಿಮಿಷ, ಅಥವಾ ಪ್ರೋಬಿನ ಕೈಪಿಡಿ ಒಪ್ಪುವ ಬೇರೆ ದ್ರಾವಣ. ರಾತ್ರಿಯಿಡೀ ನೆನೆಸಿಟ್ಟರೆ ಹೆಚ್ಚು ಶುದ್ಧವಾಗುವುದಿಲ್ಲ, ಲೆನ್ಸಿನ ಅಂಟು ಬಿಡುತ್ತದೆ. ಹಿಡಿಕೆ ಮತ್ತು ಕನೆಕ್ಟರ್ ನೆನೆಯಬಾರದು. ಓಪಿಎ ನಂತರ ಹೊಸ ಹೊಸ ನೀರಿನಲ್ಲಿ ಮೂರು ಸಲ, ಪ್ರತಿಸಲ ಕನಿಷ್ಠ ಒಂದು ನಿಮಿಷ ಮುಳುಗಿಸಿ ತೊಳೆಯಲೇಬೇಕು. ಉಳಿದ ರಾಸಾಯನಿಕ ಮುಂದಿನ ರೋಗಿಯ ಬಾಯಿ, ಅನ್ನನಾಳವನ್ನು ಸುಡುತ್ತದೆ. ಹಲ್ಲಿನ ಗುರುತು, ಸೀಳು ಇದೆಯೇ ಎಂದು ಬೆರಳಾಡಿಸಿ ನೋಡಿ, ವಿದ್ಯುತ್ ಲೀಕೇಜ್ ಪರೀಕ್ಷೆ ಮಾಡಿ, ಸುತ್ತದೆ ಉದ್ದಕ್ಕೆ ನೇತುಹಾಕಿ. ಯಾವ ನೋಟದಲ್ಲೂ ಒಂದೇ ಜಾಗದಲ್ಲಿ ಕಪ್ಪು ಪಟ್ಟಿ ಬೀಳುತ್ತಿದ್ದರೆ ಹರಳು ಸತ್ತಿದೆ, ಅದಕ್ಕೆ ಗುಂಡಿಯಲ್ಲಿ ಪರಿಹಾರವಿಲ್ಲ.

ಮಷೀನಿಗೂ ಇಲ್ಲಿನ ಹವೆ ಒಗ್ಗುವುದಿಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಶಕ್ತಿನಗರದ ಬೂದಿ, ನಲವತ್ತು ದಾಟುವ ಬೇಸಿಗೆ. ವಾರ್ಡಿಗೂ ಐಸಿಯುಗೂ ಓಡಾಡುವ ಮಷೀನಿನ ಗಾಳಿ ಫಿಲ್ಟರ್ ಬೇಗ ಕಟ್ಟಿಕೊಂಡು, ಒಳಗೆ ಕಾದು, ನಡುಕೇಸಿನಲ್ಲಿ ಬಂದ್ ಆಗುತ್ತದೆ. ಫಿಲ್ಟರನ್ನು ವಾರಕ್ಕೊಮ್ಮೆ ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕುವುದು ಟೆಕ್ನಿಷಿಯನ್ ಡ್ಯೂಟಿಯಲ್ಲಿ ಬರೆದಿರಲಿ. ಕರೆಂಟ್ ಹೋಗಿ ಬರುವ ಊರಿನಲ್ಲಿ ಯುಪಿಎಸ್ ಇಲ್ಲದ ಎಕೋ ಮಷೀನು ಪಂಪ್ ಬಿಡುವ ಹೊತ್ತಿನಲ್ಲೇ ಮತ್ತೆ ಚಾಲೂ ಆಗಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ.

ಚಿತ್ರ ಚೆನ್ನಾಗಿ ಬಂದಮೇಲೆ ಅದು ಮಷೀನಿನೊಳಗೇ ಉಳಿದರೆ ರೋಗಿಗೆ ಉಪಯೋಗವಿಲ್ಲ. ಲಿಂಗಸುಗೂರಿನಲ್ಲೋ, ಕುಷ್ಟಗಿಯಲ್ಲೋ ಇರುವ ಆ ಹೆಣ್ಣುಮಗಳು ರಕ್ತ ತೆಳುಮಾಡುವ ಮಾತ್ರೆ ಬಿಟ್ಟು ಉಬ್ಬಸ ಅಂತ ಬಂದಾಗ, ಅಲ್ಲಿನ ವೈದ್ಯರಿಗೆ ಕವಾಟ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಹೋಲಿಸಿ ನೋಡುವ ಹಳೆಯ ಅಂಕಿ ಬೇಕು. ಇಂದಿನ ಗ್ರೇಡಿಯೆಂಟ್ 12 ಇದ್ದು, ಮೊದಲು 4 ಇತ್ತು ಎಂದು ಗೊತ್ತಾದರೆ ಅವರು ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಓಟಿಯ ಅಂಕಿ ಔಷಧಿಗಳ ಪ್ರಭಾವದಲ್ಲಿ ಬಂದದ್ದು, ಹಾಗಾಗಿ ಮನೆಗೆ ಕಳಿಸುವ ಮುನ್ನ ಎದೆಯ ಮೇಲಿಂದ ಇನ್ನೊಮ್ಮೆ ಎಕೋ ಮಾಡಿ. ಕವಾಟದ ಬಗೆ, ಸೈಜ್, ಸರಾಸರಿ ಗ್ರೇಡಿಯೆಂಟ್, ಆ ಹೊತ್ತಿನ ನಾಡಿ ಬಡಿತ, ಲಯ, ಬಿಪಿ, ಪಕ್ಕಸೋರಿಕೆ ಇದೆಯೋ ಇಲ್ಲವೋ, ಇವಿಷ್ಟನ್ನೂ ಡಿಸ್ಚಾರ್ಜ್ ಚೀಟಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದು, ಅದರ ಜೆರಾಕ್ಸ್ ಒಂದನ್ನು ಮನೆಯವರ ಕೈಗೆ ಬೇರೆಯಾಗಿ ಕೊಡಿ.